ಏಳನೇ ಬಾಟಲಿ

“ಕಾಲು ಒರೆಸ್ಕೊಂಡು ಬಾರೇ, ಮುಂಡೇದೆ. ಇದೇನು ನಿನ್ನ ಕೆರೆ ದಂಡೆ ಅಂದ್ಕೊಂಡ್ಯಾ?”

ವಿಶ್ವವಿದ್ಯಾಲಯದ ಪರಿಸರ ವಿಭಾಗದ ಮುಖ್ಯಸ್ಥರು ಸಂದರ್ಶನದ ಕೋಣೆಯೊಳಗಿಂದಲೇ ಗದರಿದರು. ಬಾಗಿಲಲ್ಲಿ ನಿಂತಿದ್ದ ಕೆರೆಯಕ್ಕ ತನ್ನ ಪಾದ ನೋಡಿಕೊಂಡಳು. ಕೆರೆಯಿಂದ ನೇರ ಬಂದಿದ್ದಳು. ಬಾಟಲಿಗಳ ಬುಟ್ಟಿ ಇನ್ನೂ ಕಂಕುಳಲ್ಲೇ ಇತ್ತು. ಕಾವಲುಗಾರ ಹೆಗಲ ಮೇಲಿನ ಟವಲು ತೆಗೆದು ಅವಳ ಕಾಲಬಳಿ ಹಾಸಿದ.

ಹತ್ತೊಂಬತ್ತು ವರ್ಷದಿಂದ ವಾರಕ್ಕೊಮ್ಮೆ ಸೊಂಟದುದ್ದ ಕೆಸರಿಗಿಳಿದು, ಗೂಟ ನೆಟ್ಟ ಎಂಟು ಜಾಗಗಳಿಂದ ಎಂಟು ಬಾಟಲಿ ನೀರು ತರುವವಳು ಅವಳು. ಯಾವ ಕಪ್ಪೆ ಯಾವ ವರ್ಷದಿಂದ ಕೂಗುವುದು ನಿಲ್ಲಿಸಿತು ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವವಳೂ ಅವಳೇ. ಆ ನೀರಿನಿಂದ ಐದು ಜನ ಡಾಕ್ಟರೇಟ್ ಪಡೆದರು. ಅವಳು ದಿನಗೂಲಿಯಲ್ಲೇ ಉಳಿದಳು.

ಈ ಸಲ ಜಾಹೀರಾತು ಬಂದಿತ್ತು: ‘ಕ್ಷೇತ್ರ ಬೋಧಕರು ಬೇಕು. ಸ್ಥಳೀಯ ಜ್ಞಾನವುಳ್ಳವರಿಗೆ ಆದ್ಯತೆ. ಪದವಿ ಕಡ್ಡಾಯವಲ್ಲ.’ ಸಂಶೋಧನೆಯ ಹುಡುಗಿಯೊಬ್ಬಳು ಊಟ ಬಿಟ್ಟು ಕೂತು ಅರ್ಜಿ ಬರೆದುಕೊಟ್ಟಿದ್ದಳು. ಕೆರೆಯಕ್ಕನ ಮೊಣಕಾಲುಗಳು ಕೈಕೊಡುತ್ತಿದ್ದವು. ದಂಡೆಯ ಮೇಲೆ ನಿಂತು ಕಲಿಸುವ ಈ ಕೆಲಸ ಸಿಗದಿದ್ದರೆ ಇನ್ನೊಂದು ವರ್ಷದಲ್ಲಿ ಅನ್ನಕ್ಕೆ ಕುತ್ತು.

ಕೋಣೆಯ ಗೋಡೆಯ ಮೇಲೆ ‘ಕೆರೆ ಉಳಿಸಿ’ ಎಂಬ ಫಲಕವಿತ್ತು. ಕೆರೆಯ ನಾತ ಬರದಂತೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಸಂಶೋಧನೆಯಲ್ಲಿ ತಲೆ ಬೇರೆ, ಕೈಕಾಲು ಬೇರೆ, ಇವಳು ಒಳ್ಳೆಯ ಕೈಕಾಲು ಎಂದು ಮುಖ್ಯಸ್ಥರು ಸಂದರ್ಶನಕ್ಕೆ ಕೂತಿದ್ದ ಉಳಿದವರಿಗೆ ವಿವರಿಸಿದರು. ಒಬ್ಬರ ಹೊರತು ಎಲ್ಲರೂ ನಕ್ಕರು. ಒಮ್ಮೆಯೂ ಕೆರೆಗಿಳಿಯದೆ ಸ್ಥಳೀಯ ಜ್ಞಾನದ ಮೇಲೆ ಎರಡು ಪುಸ್ತಕ ಬರೆದ ಮುಖ್ಯಸ್ಥರ ಅಳಿಯ ಇದೇ ಕೆಲಸಕ್ಕೆ ಅರ್ಜಿ ಹಾಕಿ ಹೊರಗೆ ಕಾಯುತ್ತಿದ್ದ.

ಬೇರೆ ಊರಿಂದ ಬಂದಿದ್ದ ವಯಸ್ಸಾದ ಪರೀಕ್ಷಕಿಯೊಬ್ಬರು ಮಾತ್ರ ಎದ್ದು ಕುರ್ಚಿ ಎಳೆದುಕೊಟ್ಟರು.

“ಕೂತ್ಕೊಳಮ್ಮ. ಒಂದು ಕೇಳ್ತೀನಿ. ಕೆರೆಯೆಲ್ಲಾ ಕೊಳೀತಿದೆ. ಏಳನೇ ಜಾಗದ ನೀರು ಮಾತ್ರ ಆರು ವರ್ಷದಿಂದ ಇಷ್ಟು ಶುದ್ಧ. ಅದು ಹೇಗೆ?”

ಮುಖ್ಯಸ್ಥರ ಮುಖ ಅರಳಿತು. ‘ತಾನೇ ಗುಣವಾಗುವ ಕೆರೆ’ ಎಂಬ ಅವರ ಸಿದ್ಧಾಂತಕ್ಕೆ ಚಿನ್ನದ ಪದಕ ತಂದುಕೊಟ್ಟಿದ್ದೇ ಆ ಏಳನೇ ಜಾಗ.

“ಹೇಳ್ಲಾ ಸಾರ್?” ಎಂದಳು ಕೆರೆಯಕ್ಕ.

“ಹೇಳು, ಹೇಳು. ನಿನ್ನ ಜ್ಞಾನ ಎಷ್ಟಿದೆ ನೋಡೋಣ.”

“ಆರು ವರ್ಷದ ಹಿಂದೆ ಈ ಕಟ್ಟಡ ಕಟ್ಟೋಕೆ ಕೆರೆ ಮೂಲೆಗೆ ಮಣ್ಣು ಹೊಡೆದ್ರಲ್ಲಮ್ಮ, ಏಳನೇ ಜಾಗ ಅದರಡಿ ಹೋಯ್ತು. ಬಂದು ಹೇಳ್ದೆ. ‘ತಲೆ ಓಡಿಸ್ಬೇಡ ಕತ್ತೆ, ಎಂಟು ಬಾಟಲಿ ಕೊಟ್ರೆ ಎಂಟೂ ತುಂಬಿರ್ಬೇಕು’ ಅಂದ್ರು ಸಾರ್. ತುಂಬ್ಕೊಂಡೇ ಬಂದೆ.”

“ಎಲ್ಲಿಂದ?”

ಕೆರೆಯಕ್ಕ ಎದ್ದಳು. ಬುಟ್ಟಿಯಲ್ಲಿ ಖಾಲಿ ಇದ್ದದ್ದು ಏಳನೆಯದೊಂದೇ. ಅದನ್ನು ಅವಳು ಕೊನೆಗೆ ತುಂಬುತ್ತಿದ್ದಳು. ಬಾಟಲಿ ಹಿಡಿದು ಕುಂಟುತ್ತ ಹೊರಗೆ ನಡೆದಳು. ಎದುರಿಗೇ ಕೈ ತೊಳೆಯುವ ನಲ್ಲಿ. ಅದನ್ನು ತಿರುಗಿಸಿ ಬಾಟಲಿ ಒಡ್ಡಿದಳು. ನಲ್ಲಿಯ ಬುಡದ ನೆಲವನ್ನು ಹಿಮ್ಮಡಿಯಿಂದ ತಟ್ಟಿದಳು.

“ಜಾಗ ತಪ್ಪಿಲ್ಲಮ್ಮ. ಗೂಟ ಇದರಡೀಲೇ ಇದೆ.”

“ನಲ್ಲಿ ನಿಲ್ಸೇ, ಲೌಡಿ,” ಎಂದರು ಮುಖ್ಯಸ್ಥರು. ಕಾವಲುಗಾರನಿಗೆ ಅವಳನ್ನು ಹೊರಗೆ ಹಾಕಲು ಹೇಳಿದರು. ಅವನು ಬಗ್ಗಿ ಟವಲಿನ ಮಡಿಕೆ ಸರಿಪಡಿಸುತ್ತ ನಿಂತ.

ಬಾಟಲಿ ತುಂಬಿತು. ಕೆರೆಯಕ್ಕ ಒಳಗೆ ಬಂದು ಅದನ್ನು ಮುಖ್ಯಸ್ಥರ ಮುಂದಿಟ್ಟಳು. ಎಂದಿನಂತೆ ‘ಏಳನೇ ಜಾಗ’ ಎಂಬ ಚೀಟಿ ಅಂಟಿಸಿದಳು. ಆಮೇಲೆ ಹೋಗಿ ಅದೇ ಕುರ್ಚಿಯಲ್ಲಿ ಕೂತಳು.

“ಮುಂದಿನ ಪ್ರಶ್ನೆ ಕೇಳಿ ಸಾರ್.”