ಬಿಡುಗಡೆ ಆದೇಶ

ನಮ್ಮ ಪುರಸಭೆಯಲ್ಲಿ ಬಿಡುಗಡೆ ಎಂದರೆ ಅನುದಾನವೇ. ಜೈಲಿನಿಂದ ಹೊರಬಂದವರಿಗೂ ಆ ಪದವನ್ನು ನಾವು ಬಿಟ್ಟುಕೊಡುವವರಲ್ಲ. ಸರ್ಕಾರದ ಖಜಾನೆ ಬರಿದಾಗಿದೆ ಎಂಬ ಸುದ್ದಿ ಬಂದಂದಿನಿಂದ ಕಚೇರಿಯಲ್ಲಿ ಅದೇ ಜಪ: ಬಿಡುಗಡೆ ಆಯ್ತಾ? ಕೆರೆಯೇ ಬತ್ತಿದ ಮೇಲೆ ಕಾಲುವೆಯನ್ನು ಬೈದು ಏನು ಫಲ, ಆದರೂ ಬೈಯುತ್ತಿದ್ದೆವು.

ನಾನು ಟಪಾಲು ವಿಭಾಗದ ಗುಮಾಸ್ತೆ. ನನ್ನ ನಾದಿನಿ ಇಲ್ಲಿಯೇ ಗುತ್ತಿಗೆ ಕೆಲಸದವಳು. ಊರಿನ ನೀರಿನ ಟ್ಯಾಂಕಿಗೆ ದಿನಾ ಬ್ಲೀಚಿಂಗ್ ಪೌಡರ್ ಬೆರೆಸಿ ಪರೀಕ್ಷಿಸುವವಳು. ಅವಳ ಸಂಬಳ ಬರುವುದು ರಾಜ್ಯದ ಅನುದಾನದಿಂದ. ಗಂಡ ತೀರಿಹೋದ ಮೇಲೆ ಇದೊಂದೇ ಕೆಲಸವನ್ನು ನೆಚ್ಚಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು.

ಆ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಅತ್ತಿಗೆ, ಆಸ್ಪತ್ರೆಯವರು ಬಟ್ಟೆ ಒಗೆಯೋ ವಿಭಾಗಕ್ಕೆ ಕರೀತಿದಾರೆ. ಹನ್ನೊಂದರೊಳಗೆ ಹೂಂ ಅನ್ನಬೇಕಂತೆ, ಇಲ್ಲಾಂದ್ರೆ ಬೇರೆಯವರು ಕಾಯ್ತಿದಾರೆ. ಏನ್ ಮಾಡ್ಲಿ?”

“ನಮ್ಮ ಮುಖ್ಯಾಧಿಕಾರಿ ಸಾಹೇಬ್ರು ಅನುದಾನ ಕೇಳೋಕೆ ರಾಜಧಾನಿಗೆ ಹೋಗಿದಾರಲ್ಲ. ಫೋನ್ ಬರ್ಲಿ, ಸ್ವಲ್ಪ ತಾಳು.”

ಅವಳು ಟ್ಯಾಂಕಿನ ಕಡೆ ಹೋದಳು. ನನಗೆ ಕೆಲಸದ ಮೇಲೆ ಮನಸ್ಸೇ ನಿಲ್ಲಲಿಲ್ಲ. ಒಂದೇ ಲಕೋಟೆಗೆ ಎರಡು ಸಲ ಮೊಹರು ಒತ್ತಿದೆ. ಹತ್ತೂವರೆಗೆ ಫೋನ್ ಬಂತು. ಗದ್ದಲದ ನಡುವೆ ಸಾಹೇಬರ ದನಿ: “ಬಿಡುಗಡೆ ಆದೇಶ ಆಯ್ತಮ್ಮ. ಈಗ ಮೇಲ್‌ನಲ್ಲಿ ಬರುತ್ತೆ. ನೀರಿನ ವಿಭಾಗಕ್ಕೆ ತಿಳಿಸಿಬಿಡಿ.” ಲೈನ್ ಕಟ್ಟಾಯಿತು.

ನನಗೆ ಹಿಂದುಮುಂದು ನೋಡುವ ತಾಳ್ಮೆ ಎಲ್ಲಿತ್ತು? ಕೂಡಲೇ ನಾದಿನಿಗೆ ಫೋನ್ ಮಾಡಿದೆ.

“ಬಿಡುಗಡೆ ಆಯ್ತು ಕಣೇ! ಆಸ್ಪತ್ರೆಯವರಿಗೆ ಬೇಡ ಅಂತ ಹೇಳಿಬಿಡು.”

ಆ ಕಡೆ ಅವಳು ಅತ್ತೇಬಿಟ್ಟಳು. ನನ್ನ ಕಣ್ಣಲ್ಲೂ ನೀರು ಬಂತು.

ಹನ್ನೊಂದೂಕಾಲಿಗೆ ಆದೇಶ ಬಂತು. ಓದಿದೆ. ಆರ್ಥಿಕ ಕೊರತೆಯ ಕಾರಣ, ಅನುದಾನದಡಿ ವೇತನ ಪಡೆಯುವ ಗುತ್ತಿಗೆ ನೌಕರರನ್ನು ನಾಳೆಯಿಂದ ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ. ಕೆಳಗೆ ಇನ್ನೊಂದು ಸಾಲು: ನೀರು ಶುದ್ಧೀಕರಣವನ್ನು ಟಪಾಲು ಗುಮಾಸ್ತರು ಹೆಚ್ಚುವರಿಯಾಗಿ ನೋಡಿಕೊಳ್ಳತಕ್ಕದ್ದು.

ಫೋನಿನಲ್ಲಿ ಹೇಳುವ ಧೈರ್ಯವಾಗದೆ, ಆದೇಶದ ಪ್ರಿಂಟ್ ತೆಗೆದುಕೊಂಡು ಟ್ಯಾಂಕಿಗೆ ಓಡಿದೆ. ಅವಳು ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದಳು.

“ಹೇಳಿಬಿಟ್ಯಾ ಆಸ್ಪತ್ರೆಗೆ?”

“ಆಗ್ಲೇ ಹೇಳ್ದೆ. ಯಾಕೆ, ಮುಖ ಹಿಂಗಾಗಿದೆ?”

ಕಾಗದ ಕೊಟ್ಟೆ. ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದಿದಳು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ. ಅವಳು ಆಸ್ಪತ್ರೆಗೆ ಫೋನ್ ಮಾಡಿದಳು. ಎರಡೇ ಮಾತು. ಜಾಗ ತುಂಬಿಹೋಗಿತ್ತು.

“ನನ್ನಿಂದ ಆಯ್ತು,” ಎಂದೆ. “ನನ್ನ ಬಾಯಿಗಿಷ್ಟು ಬೆಂಕಿ ಬೀಳ!”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಳಿಕೆಯನ್ನು ನನ್ನ ಕೈಗಿಟ್ಟಳು.

“ಬೈಯೋಕೆ ಇಡೀ ಜನ್ಮ ಇದೆ ಅತ್ತಿಗೆ. ಇವತ್ತು ಕಲಿತ್ಕೊಳ್ಳಿ. ನಳಿಕೆಗೆ ಟೆಸ್ಟ್ ಔಷಧಿ ಹಾಕಿದಾಗ ತಿಳಿ ಹಳದಿ ಬಂದ್ರೆ ಸರಿ. ಬಣ್ಣ ಬರ್ಲಿಲ್ಲ ಅಂದ್ರೆ ಪೌಡರ್ ಸಾಲ್ದು, ಆ ನೀರನ್ನ ಊರಿಗೆ ಬಿಡಬೇಡಿ. ನನ್ನ ಮಕ್ಕಳೂ ಅದನ್ನೇ ಕುಡಿಯೋದು.”