ಪಕ್ಕದ ಮನೆಯ ಬಳ್ಳಿ

ಸರ್ಕಾರದವರು ನಮ್ಮ ಗುರಿಯಾ ಸೀಮೆಯ ಹಳೆಯ ದ್ರಾಕ್ಷಿಬಳ್ಳಿಗಳನ್ನು ಕೀಳಿಸಿ ಚಹಾ ನೆಡಿಸಿದಾಗ ಜುಜುನಾ ಅತ್ತೆ ಇನ್ನೂ ಹುಡುಗಿ. ಅವಳ ಮುಪ್ಪಿನಲ್ಲಿ, ಪಾಳುಬಿದ್ದ ನಮ್ಮ ಹಳೇ ಮನೆಯ ಬೇಲಿಯಂಚಿನ ಮರಕ್ಕೆ ಹಬ್ಬಿ ಉಳಿದಿದ್ದ ಮುದಿ ದ್ರಾಕ್ಷಿಬಳ್ಳಿಯೊಂದು ನನ್ನ ಕಣ್ಣಿಗೆ ಬಿತ್ತು. ಅದರ ಕಡ್ಡಿಗಳನ್ನು ನೆಟ್ಟು ಬೆಳೆಸಿ, ಮೊದಲ ಫಸಲನ್ನು ನೆಲದಲ್ಲಿ ಹೂತ ಗುಡಾಣದಲ್ಲಿ ವೈನ್ ಮಾಡಿ, ಹೂಜಿ ತುಂಬಿ ಅವಳಿಗೆ ಒಯ್ದೆ.

"ಅತ್ತೆ, ತಾತನ ಬಳ್ಳಿಯ ವೈನ್!"

ಗುಟುಕರಿಸಿ ಮುಖ ಕಿವುಚಿದಳು. "ಅಯ್ಯೋ ಮಂಕೇ, ನಮ್ಮದಲ್ಲ ಕಣೋ! ಪಕ್ಕದ್ಮನೆ ಸೆವೆರಿಯಾನಂದು. ಈ ಹುಳಿಗೆ ಅಪ್ಪ ಬಿದ್ದುಬಿದ್ದು ನಗ್ತಿದ್ದ!"

ಪೆಚ್ಚಾಗಿ ಹೂಜಿ ಎತ್ತಿಕೊಳ್ಳಹೋದೆ. ಅವಳು ಬಿಡಲಿಲ್ಲ.

"ಇರ್ಲಿ, ಇನ್ನೊಂದು ಲೋಟ ಹಾಕು. ಯುದ್ಧಕ್ಕೆ ಹೋದ ಸೆವೆರಿಯಾನ್ ವಾಪಸ್ ಬರ್ಲಿಲ್ಲ. ಇದನ್ನ ಕುಡಿಯೋಕೆ ಆ ಮನೇಲಿ ಯಾರು ಉಳಿದಿದ್ದಾರೆ?"

ಸಂಜೆಯವರೆಗೂ ಆ ಮನೆಯವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆಯುತ್ತಾ ಕುಡಿದಳು.