ಮಾವನ ಬಾಯಲ್ಲಿದ್ದ ನಂಬರು

ಆರ್‌ಟಿಒ ಇನ್ಸ್‌ಪೆಕ್ಟರ್ ಬರುವುದು ಹನ್ನೊಂದಕ್ಕೆ ಎಂದು ಗೊತ್ತಿದ್ದೂ ಬೆಳಗಿನಿಂದ ನನ್ನ ಕಣ್ಣು ಗೇಟಿನ ಮೇಲೇ ಇತ್ತು. ಅವರು ಮಾವನ ಹಳೆಯ ಕಾರಿನ ಎಂಜಿನ್ ನಂಬರನ್ನು ನೋಂದಣಿ ಪುಸ್ತಕದೊಡನೆ ತಾಳೆ ನೋಡುತ್ತಾರೆ. ತಾಳೆಯಾದರೆ ಕಾರು ಮತ್ತೆ ರಸ್ತೆಗಿಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕೆಲಸದಿಂದ ನಿವೃತ್ತರಾದಮೇಲೆ ಮಾವ ಬಹುಪಾಲು ಈ ಶೆಡ್ಡಿನಲ್ಲೇ ಬದುಕಿದ್ದಾರೆ. ಬ್ರೇಕು, ವೈರು, ಸೀಟಿನ ಹೊಲಿಗೆ, ಯಾವುದನ್ನೂ ಬೇರೆಯವರ ಕೈಗೆ ಕೊಟ್ಟವರಲ್ಲ. ಇವತ್ತು ಇನ್ಸ್‌ಪೆಕ್ಟರ್ ಆಗುವುದಿಲ್ಲವೆಂದುಬಿಟ್ಟರೆ ಮಾವ ನಾಳೆ ಎದ್ದು ಏನು ಮಾಡುತ್ತಾರೆ ಎಂಬುದೇ ನನ್ನ ಚಿಂತೆ.

"ಇನ್ಸ್‌ಪೆಕ್ಟರ್ ಹುಡುಕಾಡೋ ಹಾಗಾಗಬಾರದು. ನಾವೇ ಒರೆಸಿ ತಯಾರಾಗಿಡೋಣ, ಬಾರಮ್ಮ," ಎಂದರು ಮಾವ.

ಕಣ್ಣಿನ ಆಪರೇಷನ್ ಆದಮೇಲೆ ಅವರಿಗೆ ದೂರದ್ದೆಲ್ಲ ಸ್ಪಷ್ಟ, ಹತ್ತಿರದ್ದು ಮಸುಕು. ಹಾಗಾಗಿ ಬಾನೆಟ್ಟಿನೊಳಗೆ ತಲೆ ತೂರಿಸಿ ಓದುವ ಕೆಲಸ ಸೊಸೆಯ ಪಾಲಿಗೆ ಬಂತು. ನನ್ನ ಗಂಡ ಬೇರೆ ಊರಲ್ಲಿ. ಇದ್ದಿದ್ದರೆ ನಾನು ಗೇಟು ಕಾಯುವುದನ್ನು ನೋಡಿ ನಗುತ್ತಿದ್ದರು.

ಎಂಜಿನ್ನಿನ ಪಕ್ಕದಲ್ಲಿ ಕೈಗೆ ಉಬ್ಬು ಅಂಕಿಗಳು ಸಿಕ್ಕವು. ಟಾರ್ಚ್ ಹಿಡಿದು ಓದಿದೆ. ಮಾವ ದಿನಾ ಹೇಳುವ ನಂಬರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ಮಾವ, ಇದು ಬೇರೇನೇ ಇದೆ!"

ಹಿಂದೆ ಬಾಗಿಲ ಬಳಿ ಗಾಜಿನ ಲೋಟದ ಸದ್ದಾಯಿತು. ಅತ್ತೆ ಚಹಾ ಹಿಡಿದು ನಿಂತಿದ್ದರು. ಸೀಮೆಎಣ್ಣೆ ವಾಸನೆಗೆ ತಲೆನೋವು ಬರುತ್ತದೆಂದು ಶೆಡ್ಡಿನ ಕಡೆ ಸುಳಿಯದವರು ಇವತ್ತು ಚಹಾದ ನೆಪದಲ್ಲಿ ಮತ್ತೆ ಮತ್ತೆ ಬರುತ್ತಿದ್ದರು.

ಮಾವ ಗಹಗಹಿಸಿ ನಕ್ಕರು. "ಉಬ್ಬಿರೋದು ಅಚ್ಚಿನ ನಂಬರಮ್ಮ. ಆ ಕಂಪನಿ ಎರಕ ಹೊಯ್ದ ಎಂಜಿನ್‌ಗಳಲ್ಲೆಲ್ಲ ಅದೇ ಇರುತ್ತೆ. ನಮ್ಮದು ಒಳಕ್ಕೆ ಕೊರೆದಿರೋದು. ಡೈನಮೋ ಹಿಂದೆ ಚಪ್ಪಟೆ ಜಾಗ ಒಂದಿದೆ, ನೋಡು. ಎದೆ ಒಡೆದುಹೋಯ್ತಾ?"

"ಒಡೆದಿದ್ದು ಲೋಟ ಅಂದ್ಕೊಂಡೆ," ಎಂದೆ. ಅತ್ತೆ ನಗಲಿಲ್ಲ.

"ಚಹಾ ಆರುತ್ತೆ, ಕುಡೀರಿ. ನಂಬರು ಎಲ್ಲಿ ಓಡಿಹೋಗುತ್ತೆ? ಬರೋರು ಬಂದೇ ನೋಡ್ಕೊಳ್ಳಲಿ," ಎಂದರು.

ಡೈನಮೋ ಹಿಂದೆ ಬೆರಳು ಹೋಗುವಷ್ಟೇ ಸಂದು. ಚಪ್ಪಟೆ ಜಾಗದ ಮೇಲೆ ಜಿಡ್ಡು, ಜಿಡ್ಡಿನ ಕೆಳಗೆ ಬಣ್ಣ. ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿದೆ. ಜೋರಾಗಿ ತಿಕ್ಕಲು ಭಯ. ಲೋಹ ಹೊಳೆದರೆ ತಿದ್ದಿದ್ದಾರೆಂದು ಅನುಮಾನಿಸುತ್ತಾರಂತೆ. ಬಣ್ಣ ಸ್ವಲ್ಪ ಸವೆದಮೇಲೂ ಅಂಕಿಗಳು ಬರೀ ಗೀರುಗಳಂತೆ ಕಂಡವು.

"ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸು, ತಾನಾಗೇ ಎದ್ದು ಬರುತ್ತೆ," ಎಂದ ಮಾವ ಕಣ್ಣು ಮುಚ್ಚಿದರು. "ನಾಲ್ಕು, ಒಂದು, ಒಂಬತ್ತು, ಏಳು, ಮೂರು, ಎರಡು. ಮಗ್ಗಿ ಮರೆತೇನು, ಇದನ್ನ ಮರೆಯೋದಿಲ್ಲ. ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನು ಇವತ್ತಿಗೂ ಕೆಳಗಿಳಿದಿಲ್ಲ."

ಈ ಮಾತನ್ನು ಅವರು ಬಂದ ನೆಂಟರಿಗೆಲ್ಲ ಹೇಳಿದ್ದಾರೆ. ನನ್ನನ್ನು ನೋಡಲು ಬಂದ ದಿನ ನನ್ನ ತಂದೆಗೂ ಹೇಳಿದ್ದರು.

ಬೂದು ಗೀಟುಗಳ ನಡುವೆ ಅಂಕಿಗಳು ಬೆಳ್ಳಗೆ ಮೂಡಿದವು. ಕಾಗದವನ್ನು ಬೆಳಕಿಗೆ ಹಿಡಿದೆ.

"ನಾಲ್ಕು."

"ಹೂಂ."

"ಒಂದು. ಒಂಬತ್ತು."

"ಆಹಾ. ಮುಂದಕ್ಕೆ?"

ಮುಂದಿನದು ಏಳಲ್ಲ. ಎಷ್ಟು ತಿರುಗಿಸಿದರೂ ಸೊನ್ನೆ ಏಳಾಗುವುದಿಲ್ಲ. ಅದರ ಪಕ್ಕದಲ್ಲಿ ಐದು, ಕೊನೆಗೆ ಎಂಟು. ನಾನು ಸುಳ್ಳು ಓದಿದರೂ ಇನ್ನರ್ಧ ಗಂಟೆಯಲ್ಲಿ ಮತ್ತೊಬ್ಬರು ನಿಜ ಓದುತ್ತಾರೆ. ಇದ್ದದ್ದನ್ನೇ ಓದಿಬಿಟ್ಟೆ.

"ಜಿಡ್ಡಿರಬೇಕು. ಇನ್ನೊಂದ್ಸಲ ಒರೆಸಮ್ಮ."

"ಜಿಡ್ಡಲ್ಲ ರೀ," ಎಂದರು ಅತ್ತೆ. "ಅವಳು ಸರಿಯಾಗೇ ಓದ್ತಿದ್ದಾಳೆ. ಆ ಎಂಜಿನ್ನು ನಿಮ್ಮದಲ್ಲ."

ಮಾವ ತಿರುಗಿ ನೋಡಿದರು.

"ನೀವು ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ರಲ್ಲ, ಆಗ. ನಾನು ಓಡಿಸಿದೆ. ಗುಡ್ಡದ ರಸ್ತೇಲಿ ಹೊಗೆ ಬಂತು. ರೇಡಿಯೇಟರಿನ ನೀರು ನೋಡಬೇಕು ಅಂತ ನನಗೇನು ಗೊತ್ತು? ಕಟಕಟ ಅಂದು ನಿಂತೇಹೋಯ್ತು. ಮೆಕ್ಯಾನಿಕ್ಕು ಅಂಥದ್ದೇ ಇನ್ನೊಂದು ತಂದು ಕೂರಿಸಿ, ಮೇಲೆ ಬಣ್ಣ ಬಳಿದ. ದುಡ್ಡಿನ ಬದಲು ಅವನ ಹೆಂಡತಿ ನನ್ನ ಹೊಲಿಗೆ ಮೆಷಿನ್ ತಗೊಂಡ್ಲು."

"ಮೆಷಿನ್ ಕಳುವಾಯ್ತು ಅಂದಿದ್ದೆ!"

"ಅಂದಿದ್ದೆ."

"ಎದುರುಮನೆಯವನ ಮೇಲೆ ಗುಮಾನಿಪಟ್ಟು ಅವನ ಹತ್ರ ಮಾತು ಬಿಟ್ಟೆನಲ್ಲೇ! ಪಾಪ, ಅವನ ಮಗಳ ಮದುವೆಗೂ ಹೋಗಲಿಲ್ಲ."

"ನಾನು ಹೋಗಿದ್ದೆ," ಎಂದರು ಅತ್ತೆ ಮೆಲ್ಲಗೆ.

ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಕಾಗದವನ್ನು ಮಡಚಿದೆ, ಮತ್ತೆ ಬಿಡಿಸಿದೆ. ಮಾವ ಕಾರಿನ ಮಡ್‌ಗಾರ್ಡ್ ಹಿಡಿದುಕೊಂಡರು. ಕೂಗಾಡುತ್ತಾರೆಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ನಿನಗೆ ಓಡಿಸೋಕೆ ಯಾರು ಕಲಿಸಿದ್ರು?"

"ಯಾರೂ ಇಲ್ಲ. ನಿಮ್ಮ ಪಕ್ಕದಲ್ಲೇ ಕೂತಿರ್ತಿದ್ನಲ್ಲ. ನೋಡಿ ನೋಡಿ ಬಂತು."

"ಎಲ್ಲಿಗೆ ಹೊರಟಿದ್ದೆ?"

"ಎಲ್ಲಿಗೂ ಇಲ್ಲ. ಓಡಿಸೋಕೆ."

ಗೇಟು ಕಿರುಗುಟ್ಟಿತು. ಇನ್ಸ್‌ಪೆಕ್ಟರ್ ಹೊತ್ತಿಗೆ ಮುಂಚೆಯೇ ಬಂದಿದ್ದರು. ಬಗ್ಗಿ ನೋಡಿದರು, ಪುಸ್ತಕ ತೆರೆದರು, ಹುಬ್ಬೇರಿಸಿದರು.

"ಇದು ಬೇರೆ ಎಂಜಿನ್ನು. ಇದನ್ನ ಹಾಕಿದಾಗ ಗಾಡಿ ಯಾರ ಕೈಲಿತ್ತು?"

ಅತ್ತೆ ಬಾಯಿ ತೆರೆಯುವ ಮೊದಲೇ ಮಾವ, "ನಮ್ಮ ಮನೆಯವಳ ಕೈಲಿ ಸರ್. ಗುಡ್ಡದ ತನಕ ಒಬ್ಬಳೇ ಹತ್ತಿಸಿದ್ದಾಳೆ," ಎಂದರು. ದನಿಯಲ್ಲಿ ಕೋಪವೋ ಹೆಮ್ಮೆಯೋ, ನಾನು ಹೇಳಲಾರೆ.

ಎಂಜಿನ್ ಬದಲಾದದ್ದನ್ನು ದಾಖಲು ಮಾಡಿಸಬೇಕು, ಈ ಎಂಜಿನ್ ಯಾವ ಗಾಡಿಯದೆಂದು ವಿಚಾರಣೆಯಾಗಬೇಕು, ಅಲ್ಲಿಯ ತನಕ ರಸ್ತೆಗೆ ಇಳಿಸುವಂತಿಲ್ಲ ಎಂದು ಹೇಳಿ ಇನ್ಸ್‌ಪೆಕ್ಟರ್ ಹೊರಟುಹೋದರು. ಆಗುತ್ತದೆಂದೂ ಹೇಳಲಿಲ್ಲ, ಆಗುವುದಿಲ್ಲವೆಂದೂ ಹೇಳಲಿಲ್ಲ.

ಮಾವ ಡ್ರೈವರ್ ಕಡೆಯ ಬಾಗಿಲು ತೆರೆದರು.

"ರಸ್ತೆಗೆ ತಾನೆ ಇಳಿಸಬಾರದು? ಅಂಗಳ ನಮ್ಮದು. ಕೂತ್ಕೋ, ನೋಡ್ತೀನಿ."

"ಈಗ್ಲೇನಾ?" ಎಂದ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಆಗಿತ್ತು.

"ಮೊದಲು ನೀರು ನೋಡು!"

"ಗೊತ್ತು ರೀ. ನನ್ನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ."

ಅತ್ತೆ ರೇಡಿಯೇಟರಿನ ಮುಚ್ಚಳ ತಿರುಗಿಸುವಷ್ಟರಲ್ಲಿ ನಾನು ಅಂಗಳಕ್ಕೆ ಓಡಿ ಹೂಕುಂಡಗಳನ್ನು ಒಂದೊಂದಾಗಿ ಗೋಡೆಯತ್ತ ಎಳೆಯತೊಡಗಿದೆ.